ಹೆಬ್ಬೆರಳಷ್ಟು ಮಂಜು

ಅತ್ತಿಗುಪ್ಪೆಯ ಶಂಭುಲಿಂಗಪ್ಪನವರು ಡ್ರಾಯಿಂಗ್ ಮೇಷ್ಟ್ರಾಗಿದ್ದಾಗಲೂ, ನಿವೃತ್ತರಾದ ಮೇಲೂ ಕೆರೆ, ಬೆಟ್ಟ, ಬಯಲುಗಳನ್ನೇ ಬರೆದವರು. ಮೇಜಿನ ಮೇಲೆ ಜರ್ಮನಿಯ ಪೆನ್ಸಿಲ್ಲು, ದಪ್ಪ ಕಾಗದ, ಮೆತ್ತನೆಯ ರಬ್ಬರು, ಯಾವುದಕ್ಕೂ ಕೊರತೆಯಿಲ್ಲ. ಕೊರತೆಯಿದ್ದದ್ದು ನೆಮ್ಮದಿಗೆ. ಕಾರಣ, ಗೆಳೆಯ ವೆಂಕಟಗಿರಿ.

ವೆಂಕಟಗಿರಿ ಕಾಮಾಕ್ಷಿಪಾಳ್ಯದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದ. ಹುಣಸೆ ಕಡ್ಡಿಗಳನ್ನು ಹಳೇ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಬೆಂಕಿಯಲ್ಲಿ ಸುಟ್ಟು ಇದ್ದಿಲನ್ನು ತಾನೇ ಮಾಡಿಕೊಳ್ಳುತ್ತಿದ್ದ. ಪ್ರೆಸ್ಸಿನಲ್ಲಿ ಮಿಕ್ಕ ಕಾಗದವೇ ಅವನ ಕಾಗದ. ಆ ದರಿದ್ರ ಇದ್ದಿಲಿನಲ್ಲಿ ಅವನು ಬರೆದ ನೀರಿಗೆ ಆಳವಿರುತ್ತಿತ್ತು. ಶಂಭುಲಿಂಗಪ್ಪನವರ ನೀರು ನೀಟಾಗಿರುತ್ತಿತ್ತು, ಅಷ್ಟೇ. ಅದು ಅವರಿಗೂ ಗೊತ್ತಿತ್ತು. ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ.

ಕೆಂಗೇರಿ ಉಪನಗರದ ವಾಚನಾಲಯದ ಗೋಡೆಗೆ ಕೆರೆಯ ಚಿತ್ರ ಬೇಕಾಗಿತ್ತು. ಒಂದೇ ಒಂದು. ಇಬ್ಬರೂ ಬರೆದರು. ಕೊಡಬೇಕಾದ ದಿನ ಬೆಳಿಗ್ಗೆ ವೆಂಕಟಗಿರಿ ಬಂದ.

“ಮದುವೆ ಸೀಸನ್ ಕಣೋ, ಪ್ರೆಸ್ ಬಿಡೋಕಾಗಲ್ಲ. ನನ್ನದೂ ನೀನೇ ತಗೊಂಡ್ಹೋಗು. ಇದ್ದಿಲು ಕಾಗದಕ್ಕೆ ಕಚ್ಕೊಳ್ಳೋಕೆ ಇನ್ನೂ ಗಂಜಿನೀರು ಹೊಡೆದಿಲ್ಲ, ಬಾಟ್ಲಿ ಪ್ರೆಸ್ಸಲ್ಲೇ ಇದೆ. ಸಂಜೆ ಅಲ್ಲೇ ಬಂದು ಹೊಡೀತೀನಿ. ಅಲ್ಲೀವರೆಗೂ ಕೈ ತಾಗಿಸ್ಬೇಡ, ಅಳಿಸಿಹೋಗುತ್ತೆ.”

ಅವನು ಹೋದದ್ದೇ ತಡ, ಶಂಭುಲಿಂಗಪ್ಪ ಚಿತ್ರ ಬಿಚ್ಚಿದರು. ಅಯ್ಯೋ, ಎಂಥ ನೀರು! ಆಚೆ ದಡದಲ್ಲಿ ಒಂದೊಂದು ಮರವೂ ಎದ್ದು ನಿಂತಿತ್ತು. ಎದೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಹೆಬ್ಬೆರಳಿಟ್ಟು ದಡದುದ್ದಕ್ಕೂ ಒಮ್ಮೆ ಎಳೆದುಬಿಟ್ಟರು. ಮರಗಳು ಮಸುಕಾದವು. ಹೆಬ್ಬೆರಳನ್ನು ಎಷ್ಟು ಒರೆಸಿಕೊಂಡರೂ ಕರಿ ಪೂರ್ತಿ ಹೋಗಲಿಲ್ಲ.

ಸಂಜೆ ವೆಂಕಟಗಿರಿಯೂ ಬಂದ ಮೇಲೆ ವಾಚನಾಲಯದ ಕಮಲಾಕ್ಷಮ್ಮ ಎರಡೂ ಚಿತ್ರಗಳನ್ನು ನೋಡಿದರು. ಶಂಭುಲಿಂಗಪ್ಪನವರದನ್ನು ದಾಟಿ ವೆಂಕಟಗಿರಿಯದರ ಮುಂದೆ ನಿಂತೇಬಿಟ್ಟರು.

“ಬೆಳಿಗ್ಗೆ ವಾಕಿಂಗ್ ಹೋದಾಗ ನಮ್ಮ ಕೆರೆ ಹೀಗೇ ಕಾಣುತ್ತೆ. ಈ ಮಂಜಿಗೇ ಇದನ್ನ ತಗೋಬೇಕು. ಹೇಗ್ ಮಾಡಿದ್ರಿ ಸಾರ್?”

ವೆಂಕಟಗಿರಿ ಚಿತ್ರ ನೋಡಿದ. ಆಮೇಲೆ ಗೆಳೆಯನ ಕರಿ ಹತ್ತಿದ ಹೆಬ್ಬೆರಳು ನೋಡಿದ. “ಏನೋ, ಕೈಯಲ್ಲಿ ಬಂತು ಮೇಡಂ,” ಎಂದವನೇ ಬ್ಯಾಗಿನಿಂದ ಬಾಟ್ಲಿ ತೆಗೆದು, ಚಿತ್ರಕ್ಕೆಲ್ಲ ಗಂಜಿನೀರು ಹೊಡೆದು, ಮಂಜಿನ ಮೇಲೆ ಇನ್ನೊಂದು ಸಲ ಜಾಸ್ತಿಯೇ ಹೊಡೆದ.

ಈಗ ಭಾನುವಾರ ಬಂದರೆ ಶಂಭುಲಿಂಗಪ್ಪನವರು ಮೆಟ್ರೋ ಹತ್ತಿ ಕೆಂಗೇರಿಗೆ ಹೋಗುತ್ತಾರೆ. ಪೇಪರ್ ಓದಲು ಬಂದವರು ಚಿತ್ರದೆದುರು ನಿಂತು ಮಂಜನ್ನು ಹೊಗಳುತ್ತಾರೆ. ಅದು ನಂದು ಎಂದು ಶಂಭುಲಿಂಗಪ್ಪನವರ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತಾರೆ. ಜೀವಮಾನವೆಲ್ಲ ಬರೆದದ್ದರಲ್ಲಿ ಅವರದೆಂದು ಗೋಡೆ ಹತ್ತಿದ್ದು ಅಷ್ಟೇ. ಕೆಳಗೆ ಸಹಿ ವೆಂಕಟಗಿರಿಯದು.