ಮನೆ ಹೆಸರು

ಹಲಸೂರಿಗೆ ಮೆಟ್ರೋ ಬಂದ ಹೊಸತು. ಆ ಕಾಲದಲ್ಲಿ ಜೋಗುಪಾಳ್ಯದ ನಮ್ಮ ವಠಾರದ ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಒಂದು ಸಲ ಆ ರೈಲು ಹತ್ತಿ ಎಂ.ಜಿ. ರೋಡಿಗೆ ಹೋಗಿ ಬರುವುದು, ಮಿಕ್ಕ ದಿನವೆಲ್ಲ ಗಲ್ಲಿಯಲ್ಲಿ ಕುಂಟೆಬಿಲ್ಲೆ ಆಡುವುದು, ಮಧ್ಯಾಹ್ನ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಹಲ್ಲು ಜುಮ್ಮೆನ್ನಿಸಿಕೊಳ್ಳುವುದು. ಅವರ ನಡುವೆ ಶ್ರೀಲಂಕಾಕ್ಕೆ ಹೊರಟವಳು ನಾನೊಬ್ಬಳೇ. ಆರನೇ ಕ್ಲಾಸು ಮುಗಿಸಿದ್ದೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪ ಇಂದಿರಾನಗರದ ಒಂದು ಮನೆಯಲ್ಲಿ ಡ್ರೈವರ್. ನಾವು ಅದನ್ನು ಸಾರ್ ಮನೆ ಅನ್ನುತ್ತಿದ್ದೆವು. ಆ ಬೇಸಿಗೆಗೆ ಎರಡು ವರ್ಷ ಮೊದಲು ಸಾರ್ ಮತ್ತು ಮೇಡಂ ಶ್ರೀಲಂಕಾಕ್ಕೆ ಹೋಗಿ, ಅಲ್ಲಿ ಕಾರು ಬಾಡಿಗೆಗೆ ತಗೊಂಡು, ತಾವೇ ಓಡಿಸಿಕೊಂಡು ಊರೂರು ಸುತ್ತಿ ಬಂದಿದ್ದರು. ಆ ಕಥೆಯನ್ನು ಅವರು ಹಿಂದಿನ ಸೀಟಿನಲ್ಲಿ ಕೂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದನ್ನು ಅಪ್ಪ ಪೂರ್ತಿ ಕೇಳಿಸಿಕೊಂಡಿದ್ದ. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಲ್ಲೂ ಲೆಫ್ಟ್ ಸೈಡೇ ಅಂತೆ ಕಣೇ, ನಮ್ ತರಾನೇ. ಸೆಲ್ಫ್ ಡ್ರೈವ್ ಅಂತಾರೆ."

"ಸೆಲ್ಫ್ ಇಲ್ದೇ ಇರೋ ಗಾಡಿ ಯಾವ್ದಿದೆ ರೀ ಈಗ? ನಮ್ಮಣ್ಣನ ಸ್ಕೂಟರಿಗೂ ಸೆಲ್ಫ್ ಇದೆ," ಅಂದಳು ಅಮ್ಮ.

"ಆ ಸೆಲ್ಫ್ ಅಲ್ಲ. ನಮ್ ಗಾಡಿ ನಾವೇ ಓಡಿಸ್ಕೊಂಡು ಹೋಗೋದು."

"ನೀವ್ ದಿನಾ ಮಾಡೋದು ಅದೇ ಅಲ್ವಾ?"

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ನಾನ್ ಓಡಿಸೋ ಕಾರಲ್ಲಿ ನೀವಿಬ್ರೂ ಒಂದ್ ದಿನಾನಾದ್ರೂ ಕೂತಿದ್ದೀರಾ?"

ಕೂತಿರಲಿಲ್ಲ. ಸಾರ್ ಮನೆ ಕಾರನ್ನು ನಾವು ನೋಡುತ್ತಿದ್ದದ್ದೇ ಅಪರೂಪ. ಅಮ್ಮ ಸಮಾಧಾನಕ್ಕೆಂದು, ಹಾಗಾದರೆ ಒಂದು ದಿನಕ್ಕೆ ಬಾಡಿಗೆ ಕಾರು ತಗೊಂಡು ನಂದಿ ಬೆಟ್ಟಕ್ಕೇ ಹೋಗೋಣ ಅಂದಳು. ಅಪ್ಪ ಒಪ್ಪಲಿಲ್ಲ. "ಆ ದಾರೀಲಿ ಎಷ್ಟ್ ಸಲ ಡ್ಯೂಟಿ ಮಾಡಿದೀನಿ. ಅಲ್ಲಿ ಹೋದ್ರೆ ಡ್ಯೂಟೀನೇ ನೆನಪಾಗುತ್ತೆ. ಯಾರೂ 'ಗೋವಿಂದ, ಇಲ್ಲಿ ನಿಲ್ಸು' ಅಂತ ಹೇಳ್ದೇ ಇರೋ ರೋಡ್ ಬೇಕು ನಂಗೆ. ನೀನು ಮುಂದೆ, ಚಿನ್ನಿ ಹಿಂದೆ. ನಂಗ್ ಅನ್ಸಿದ್ ಕಡೆ ನಿಲ್ಲಿಸ್ತೀನಿ."

ಅದಕ್ಕಾಗಿ ಅಪ್ಪ ಎರಡು ವರ್ಷ ಭಾನುವಾರಗಳಲ್ಲೂ ಬೇರೆಯವರ ಗಾಡಿ ಓಡಿಸಿದ. ಮೂರನೇ ಬೇಸಿಗೆಗೆ ಸಾರ್ ಮನೆಯವರು ಮೇ ತಿಂಗಳಿಡೀ ಮಗಳ ಊರಿಗೆ ಹೋಗುವುದು ಖಾತ್ರಿಯಾಯಿತು. ಅಷ್ಟುದ್ದದ ರಜೆ ಅಪ್ಪನಿಗೆ ಅದುವರೆಗೂ ಸಿಕ್ಕಿರಲಿಲ್ಲ, ಮುಂದೆ ಸಿಗುತ್ತದೆಂಬ ನಂಬಿಕೆಯೂ ಇರಲಿಲ್ಲ.

ನಾನು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಶ್ರೀಲಂಕಾ ಬರೆದೆ. ಅಟ್ಲಾಸ್ ನೋಡಿಕೊಂಡೇ ಬರೆದರೂ ಅದು ಗೋಡಂಬಿಯ ಹಾಗೆ ಬಂತು. ಸಂಜೆ ಅಪ್ಪ ಸ್ಟೂಲು ಹಾಕಿಕೊಂಡು ಅದರ ಮಧ್ಯೆ ಕೂರುತ್ತಿದ್ದ, ಕೈಯಲ್ಲಿ ಸ್ಟೀರಿಂಗಿಗೆ ಬದಲು ಊಟದ ತಟ್ಟೆ. ಎಡಕ್ಕೆ ಅಮ್ಮ, ಹಿಂದೆ ನಾನು. ಕೆಳಗಿನ ಮನೆಯಿಂದ ಮೆಣಸಿನಕಾಯಿ ಹುರಿಯುವ ಘಾಟು ಬಂದು ಮೂವರೂ ಕೆಮ್ಮಿಕೊಂಡೇ ಕೊಲಂಬೊ ದಾಟುತ್ತಿದ್ದೆವು.

"ನಿಧಾನ ರೀ, ಅಲ್ಲಿ ರೋಡಿಗೆ ಆನೆ ಬರುತ್ತಂತೆ," ಅನ್ನುತ್ತಿದ್ದಳು ಅಮ್ಮ.

"ಕೆ.ಆರ್. ಪುರದ ಸಿಗ್ನಲ್ಲಲ್ಲಿ ಗಾಡಿ ಓಡ್ಸಿದೋನಿಗೆ ಆನೆ ಯಾವ ಲೆಕ್ಕ ಬಿಡೇ."

ನಮ್ಮದು ಬುದ್ಧನಿಗೆ ಕೈ ಮುಗಿಯುವ ಮನೆ. ಹಾಗಾಗಿ ಅನುರಾಧಪುರದ ಬೋಧಿವೃಕ್ಷದ ಹತ್ತಿರ ಒಂದು ದಿನ ಪೂರ್ತಿ ನಿಲ್ಲುವುದೆಂದು ತೀರ್ಮಾನವಾಯಿತು. ಅಮ್ಮನ ತವರು ಮಾತು ತಮಿಳು. ದಾರಿಯಲ್ಲಿ ತಮಿಳು ಬರುವವರು ಸಿಕ್ಕರೆ ಮಾತು ತನ್ನ ಪಾಲಿಗೆ ಎಂದು ಅವಳು ಮೊದಲೇ ಹೇಳಿಟ್ಟಳು. ಪುಳಿಯೋಗರೆ ಗೊಜ್ಜು ಎಷ್ಟು ದಿನ ಕೆಡದೆ ಇರುತ್ತದೆಂದು ಪರೀಕ್ಷಿಸಲು ಒಂದು ಬಾಟಲಿಯನ್ನು ಬೀರುವಿನ ಮೇಲೆ ಇಟ್ಟಳು. ಇಷ್ಟೆಲ್ಲ ಆಗಿ ಮಿಕ್ಕಿದ್ದು ಪಾಸ್‌ಪೋರ್ಟು ಮಾತ್ರ.

ಅರ್ಜಿ ತುಂಬುವ ಕೆಲಸ ನನ್ನದಾಯಿತು. ಮಹಡಿ ಮೇಲಿನ ಟೀಚರ್ ಹತ್ತಿರ ಒಂದು ಸಲ ತೋರಿಸೋಣ ಅಂದಳು ಅಮ್ಮ. "ನನ್ ಮಗಳು ಇಂಗ್ಲಿಷ್ ಮೀಡಿಯಂ. ಇನ್ನೊಬ್ರನ್ನ ಯಾಕೆ ಕೇಳ್ಬೇಕು?" ಅಂದ ಅಪ್ಪ. ನಾನೂ ಜಂಬದಿಂದ, "ನಂಗೆಲ್ಲಾ ಗೊತ್ತು," ಅಂದೆ.

ಎಲ್ಲ ಗೊತ್ತಿತ್ತು, ಸರ್‌ನೇಮ್ ಅನ್ನುವ ಒಂದು ಕಾಲಂ ಬಿಟ್ಟು. ನಿಘಂಟು ತೆಗೆದೆ. 'ಮನೆತನದ ಹೆಸರು' ಎಂದಿತ್ತು. ಮನೆತನ ಎಂದರೇನೆಂದು ನನಗೆ ತಿಳಿಯದು, ಮನೆ ತಿಳಿದಿತ್ತು.

"ಅಪ್ಪ, ನಿಂದು ಮನೆ ಹೆಸರೇನು?"

"ಮನೇಲಿ ಕರೆಯೋದಾ? ಮಣಿ ಅಂತ. ನಮ್ಮಮ್ಮ ಹಂಗೇ ಕರೀತಿದ್ದಿದ್ದು."

ಬರೆದೆ. ಅಮ್ಮನನ್ನು ತವರಿನಲ್ಲಿ ಈಗಲೂ ಪಾಪಾ ಅನ್ನುತ್ತಾರೆ. ಅದನ್ನೂ ಬರೆದೆ. ನನ್ನ ಕಾಲಮ್ಮಿನಲ್ಲಿ ಯಾರನ್ನೂ ಕೇಳದೆ ಚಿನ್ನಿ ಎಂದು ದೊಡ್ಡ ಅಕ್ಷರದಲ್ಲಿ ತುಂಬಿದೆ. ಸೈಬರ್ ಸೆಂಟರಿನವನು ನಾನು ಬರೆದಿದ್ದನ್ನು ಹಾಗೇ ಟೈಪ್ ಮಾಡಿದ.

ಪಾಸ್‌ಪೋರ್ಟ್ ಆಫೀಸಿಗೆ ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಷರ್ಟು, ಅಮ್ಮ ಮದುವೆಯ ಸೀರೆ. ಕೌಂಟರಿನಲ್ಲಿದ್ದ ಮೇಡಂ ಮೂರೂ ಅರ್ಜಿ ನೋಡಿದರು, ಮತ್ತೆ ನಮ್ಮ ಮೂವರ ಮುಖ ನೋಡಿದರು.

"ಗೋವಿಂದರಾಜು ಮಣಿ. ಸರೋಜಾ ಪಾಪಾ. ಸುಜಾತಾ ಚಿನ್ನಿ. ಏನ್ರೀ ಇದು? ನಿಮ್ ಯಾವ ದಾಖಲೇಲೂ ಈ ಹೆಸರಿಲ್ವಲ್ಲ."

"ಮನೇಲಿ ಹಂಗೇ ಕರಿಯೋದು ಮೇಡಂ," ಅಂದ ಅಪ್ಪ.

ಅವರು ನಕ್ಕರು. ಕೆಟ್ಟ ನಗುವಲ್ಲ. ಒಂದೆರಡು ಅಕ್ಷರದ ತಪ್ಪಾಗಿದ್ದರೆ ಇಲ್ಲೇ ನೋಡಬಹುದಿತ್ತು, ಇಡೀ ಹೆಸರೇ ಬೇರೆಯಾಗಿದೆ, ಹೊಸದಾಗಿ ಅರ್ಜಿ ಹಾಕಿ ಬನ್ನಿ ಎಂದು ಸಮಾಧಾನವಾಗಿಯೇ ತಿಳಿಸಿದರು. ತುಂಬಿದ್ದು ಯಾರೆಂದು ಕೇಳಿದರು. ಅಪ್ಪ ನನ್ನ ಮುಂದೆ ಬಂದು ನಿಂತ. "ನಾನೇ ಮೇಡಂ. ನಂಗ್ ಅಷ್ಟ್ ಓದು ಬರಲ್ಲ."

ಆಗ ಅಪ್ಪ ನನಗೆ ಎರಡು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಅಪ್ಪ ಮಾತ್ರ ನನ್ನ ತಲೆ ನೇವರಿಸುತ್ತ, "ಆಗುತ್ತೆ ಬಿಡು, ಇನ್ನೊಂದ್ ಸಲ ಹಾಕೋಣ," ಅಂದ. ಮತ್ತೆ ಸಿಕ್ಕ ತಾರೀಕು ಜೂನ್ ಮೊದಲ ವಾರದ್ದು. ಅಷ್ಟರಲ್ಲಿ ಸಾರ್ ಮನೆಯವರು ಊರಿಗೆ ವಾಪಸಾಗಿ ಅಪ್ಪ ಡ್ಯೂಟಿಗೆ ಹತ್ತಿದ್ದ. ತಾರೀಕಿನ ದಿನ ನಾವು ಹೋಗಲೇ ಇಲ್ಲ. ನನ್ನ ದ್ವೀಪದ ಮೇಲೆ ವಠಾರದವರು ಹಪ್ಪಳ ಒಣಗಿಸಿದರು. ಕುಂಟೆಬಿಲ್ಲೆಗೆ ಕರೆಯಲು ಬಂದ ಹುಡುಗಿಯರು ಲಂಕೆ ಯಾವಾಗ ಎಂದು ಕೇಳಿದರೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಅಂದುಕೊಂಡೆವು. ಮುಂದಿನ ವರ್ಷ ಅಮ್ಮನಿಗೆ ಆಪರೇಷನ್ ಆಯಿತು. ಅದರ ಮುಂದಿನ ವರ್ಷ ನನ್ನ ಹೈಸ್ಕೂಲು. ಆಮೇಲೆ ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತು, ನಿಧಾನಕ್ಕೆ ಅದು ಕಣ್ಣಿಗೆ ಇಳಿಯಿತು. ಒಂದು ದಿನ ಸಾರ್ ಮನೆ ಗೇಟಿಗೇ ಕಾರು ತಾಗಿಸಿದ. ಮಾರನೇ ದಿನ ಕೀ ಒಪ್ಪಿಸಿ ಬಂದ. ಈಗ ಬೆಳಕು ನೆರಳು ಗೊತ್ತಾಗುತ್ತದೆ, ಅಷ್ಟೇ.

ಹೋದ ವರ್ಷ ನಾನು ಕೆಲಸ ಮಾಡುವ ಟೀ ಕಂಪನಿಯವರು ನನ್ನನ್ನು ಶ್ರೀಲಂಕಾಕ್ಕೆ ಕಳಿಸಿದರು. ಅಪ್ಪನೇ ಒತ್ತಾಯ ಮಾಡಿ ಹೊರಡಿಸಿದ. ಕೆಲಸ ಮುಗಿದ ಮೇಲೆ ಒಂದು ಭಾನುವಾರ ಅನುರಾಧಪುರಕ್ಕೆ ಕಾರು ಮಾಡಿಕೊಂಡೆ. ಡ್ರೈವ್ ಮಾಡಲು ನಾನು ಕಲಿತಿಲ್ಲ. ಕಣ್ಣು ಚೆನ್ನಾಗಿದ್ದಾಗ ಅಪ್ಪ ಕಲಿಸುತ್ತೇನೆಂದು ಎಷ್ಟೋ ಸಲ ಕರೆದಿದ್ದ, ನಾನೇ ಏನಾದರೂ ನೆಪ ಹೇಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತಿದ್ದೆ. ಓಡಿಸುತ್ತಿದ್ದವರು ಅಪ್ಪನ ವಯಸ್ಸಿನವರು, ಎಲ್ಲಿ ನಿಲ್ಲಿಸಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಆಗ ಅಪ್ಪನ ಫೋನು ಬಂತು.

"ರೋಡ್ ಹೆಂಗಿದೆ ಚಿನ್ನಿ?"

ರೋಡು ಚೆನ್ನಾಗಿತ್ತು. ಎರಡೂ ಕಡೆ ಗದ್ದೆ, ತೆಂಗು, ಮಳೆ ನಿಂತ ಮೇಲಿನ ಬಿಸಿಲು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಏನ್ ಚೆನ್ನಾಗಿಲ್ಲಪ್ಪ. ಬರೀ ಹಳ್ಳ. ನಮ್ ಕೆ.ಆರ್. ಪುರದ ರೋಡೇ ವಾಸಿ."

ಅಪ್ಪ ಅಂದ, "ಸುಳ್ ಹೇಳ್ಬೇಡ. ಟೈರ್ ಸದ್ದು ಕೇಳಿಸ್ತಿದೆ ನಂಗೆ. ಚೆನ್ನಾಗಿರೋ ರೋಡು. ಟಾಪ್ ಗೇರಲ್ಲಿ ಓಡಿಸ್ತಿದಾನೆ."

ನಾನು ಅಳುತ್ತಿದ್ದುದು ಅಪ್ಪನಿಗೆ ತಿಳಿಯಿತೋ ಏನೋ.

"ಮಾತಾಡೋದೇನ್ ಬೇಡ," ಅಂದ. "ಫೋನ್ ಮಾತ್ರ ಇಡ್ಬೇಡ. ಹಂಗೇ ಕಿಟಕಿ ಹತ್ರ ಹಿಡ್ಕೋ."

ಹಿಡಿದುಕೊಂಡೆ. ಅನುರಾಧಪುರ ಬರುವವರೆಗೂ ಅಪ್ಪ ಲೈನಿನಲ್ಲೇ ಇದ್ದ.