ಗೋಧಿ ಹೊಲದ ಎರಡು ಸುಳಿ

ಕತ್ತರಿಯಣ್ಣನಿಗೆ ಊರಿನವರ ಮುಖಗಳೇ ಸರಿಯಾಗಿ ಗೊತ್ತಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಅರ್ಧ ಆಯುಷ್ಯ ಅದೇ ಬೀದಿಯಲ್ಲಿ ಕ್ಷೌರದಂಗಡಿ ನಡೆಸಿದವನು. ಆದರೆ ಅವನು ನಿಲ್ಲುವುದು ಕುರ್ಚಿಯ ಹಿಂದೆ ತಾನೆ? ಗಿರಾಕಿಯ ಮುಖ ಕನ್ನಡಿಯ ಪಾಲು, ನೆತ್ತಿ ಇವನ ಪಾಲು. ದಾರಿಯಲ್ಲಿ ಯಾರಾದರೂ ಎದುರಾಗಿ ನಕ್ಕರೆ ತಾನೂ ಹಲ್ಲು ಬಿಟ್ಟು ಮುಂದೆ ಹೋಗಿ, ಆಮೇಲೆ ಮೆಲ್ಲಗೆ ತಿರುಗಿ ನೋಡುತ್ತಿದ್ದ. 'ಓ, ಬೇಕರಿಯವರು!' ಅಂತ ಆಗ ಹೊಳೆಯುತ್ತಿತ್ತು. ಒಮ್ಮೆ ಬ್ಯಾಂಕಿನ ಮ್ಯಾನೇಜರಿಗೇ, "ಸ್ವಲ್ಪ ಆ ಕಡೆ ತಿರುಗಿ ಸಾರ್, ಯಾರು ಅಂತ ಗೊತ್ತಾಗ್ಲಿಲ್ಲ" ಅಂದುಬಿಟ್ಟಿದ್ದ. ಪಾಪ, ಅವರೂ ತಿರುಗಿ ನಿಂತರು.

ಇಂಥವನಿಗೆ ಒಬ್ಬನೇ ಮಗ. ಮಗನ ನೆತ್ತಿಯಲ್ಲಿ ಎರಡು ಸುಳಿ. ಎಷ್ಟು ನೀರು ಹಚ್ಚಿ ಬಾಚಿದರೂ ಒಂದು ಜುಟ್ಟು ಸೆಟೆದು ನಿಲ್ಲುತ್ತಿತ್ತು. "ಎರಡು ಸುಳಿ ಕಣಪ್ಪ, ಎರಡು ಮದುವೆ ಗ್ಯಾರಂಟಿ" ಅಂತ ಕಾಯುತ್ತಾ ಕೂತ ಗಿರಾಕಿಗಳು ಕಾಲೆಳೆದರೆ, "ಮೊದಲು ಒಂದು ಆಗ್ಲಿ, ಅದೇ ದೊಡ್ಡದು" ಅನ್ನುತ್ತಿದ್ದ ಕತ್ತರಿಯಣ್ಣ. ಎಲ್ಲರದೂ ಮುಗಿದ ಮೇಲೆ ಮಗನ ಸರದಿ. ಬೇರೆಯವರ ತಲೆಗೆ ಕಾಲು ಗಂಟೆ ಸಾಕಾದರೆ ಈ ತಲೆಗೆ ಒಂದು ಗಂಟೆಯಾದರೂ ಬೇಕಾಗುತ್ತಿತ್ತು. ಬೇಕಾಗುತ್ತಿತ್ತೋ, ಬೇಕೆಂದೇ ಎಳೆಯುತ್ತಿದ್ದನೋ, ಅದು ಅವನಿಗೇ ಗೊತ್ತು.

ಕಾಲೇಜು ಸೇರಿದ ವರ್ಷ ಮಗನಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯ ಔಷಧಿಗೆ ಕೂದಲೆಲ್ಲ ಉದುರಿತು. ಒಂದು ಸಂಜೆ ಬೋಳು ತಲೆ ಸವರಿಕೊಳ್ಳುತ್ತಾ, "ಅಪ್ಪ, ಮತ್ತೆ ಬರುತ್ತಾ?" ಅಂತ ಕೇಳಿದ. "ಬರದೆ ಎಲ್ಲಿಗೆ ಹೋಗುತ್ತೆ? ಬಂದ ತಕ್ಷಣ ಹೇಳು ಮಗಾ, ಅಂಗಡಿ ಬಾಗಿಲು ಹಾಕಿ ಬಂದು ನಾನೇ ಕತ್ತರಿಸ್ತೀನಿ" ಅಂದಿದ್ದ ಅಪ್ಪ. ಕೂದಲು ಬರಲಿಲ್ಲ. ಮಗನೇ ಹೋಗಿಬಿಟ್ಟ.

ಆಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಯಿತು. ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವವಳು. ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು. ಮಗನ ವಿಷಯ ಎತ್ತಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳಿಗೆ ಕಲ್ಲೆದೆ ಅಂತ ನೆರೆಹೊರೆಯವರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಮೂಳೆಯೇ?

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಊರಾಚೆಯ ಗೋಧಿ ಹೊಲದ ನಟ್ಟನಡುವೆ ಪೈರು ನೆಲಕ್ಕೆ ಮಲಗಿತ್ತು. ಸುಮ್ಮನೆ ಮಲಗಿದ್ದಲ್ಲ, ಯಾರೋ ಕೂತು ಬಾಚಿದ ಹಾಗೆ ಸುತ್ತು ಸುತ್ತಾಗಿ, ಅಚ್ಚುಕಟ್ಟಾಗಿ. ಊರಿಗೆ ಊರೇ ಕೆಲಸ ಬಿಟ್ಟು ಓಡಿತು. ಎಲೆಕ್ಟ್ರಿಕ್ ಅಂಗಡಿಯವನು ಇದು ಬೇರೆ ಗ್ರಹದವರ ವಿಳಾಸ ಅಂದ. ರಿಟೈರಾದ ಗಣಿತದ ಮೇಷ್ಟ್ರು ಟೇಪು ಹಿಡಿದು ಅಳೆದು, ಇದರಲ್ಲಿ ಭೂಕಂಪದ ಸೂಚನೆ ಇದೆ ಅಂದರು. ಹೊಲದ ಯಜಮಾನ ಮಾತ್ರ ಯಾವ ಅರ್ಥವನ್ನೂ ಹುಡುಕದೆ, ಬಾಯಿಗೆ ಬಂದ ಹಾಗೆ ಬೈಯುತ್ತಾ ನಿಂತಿದ್ದ. ಅಷ್ಟು ಜನರಲ್ಲಿ ಬುದ್ಧಿ ನೆಟ್ಟಗಿದ್ದವನು ಅವನೊಬ್ಬನೇ.

ಕತ್ತರಿಯಣ್ಣ ಕುತೂಹಲಕ್ಕೆಂದು ಹೊಲದ ಪಕ್ಕದ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದ. ಮೇಲಿಂದ ನೋಡಿದವನು ಕಂಬಿ ಹಿಡಿದುಕೊಂಡ. ಕೆಳಗೆ ಇದ್ದದ್ದು ವಿಳಾಸವೂ ಅಲ್ಲ, ಭೂಕಂಪವೂ ಅಲ್ಲ. ಅದೊಂದು ನೆತ್ತಿ, ಅದರಲ್ಲಿ ಎರಡು ಸುಳಿ. 'ಅಪ್ಪ, ಕೂದಲು ಬಂತು' ಅಂತ ಮಗ ಹೇಳಿ ಕಳಿಸಿದ್ದಾನೆ, ಈಗವನು ಎಲ್ಲಿದ್ದರೂ ಹುಷಾರಾಗಿದ್ದಾನೆ. ಹಾಗೆಂದು ಅವನಿಗೆ ಅನ್ನಿಸಿಬಿಟ್ಟಿತು. ಅಲ್ಲೇ ಕೂತು ಮನಸಾರೆ ಅತ್ತ.

ಅಂದಿನಿಂದ ಅಂಗಡಿ ತೆಗೆಯುವ ಮೊದಲು ಟ್ಯಾಂಕು, ಮುಚ್ಚಿದ ಮೇಲೆ ಟ್ಯಾಂಕು. ಗೋಧಿ ಯಾವ ಕಡೆ ವಾಲಿದೆ, ಯಾವ ತೆನೆಯ ಮೇಲೆ ಯಾವುದು ಬಿದ್ದಿದೆ, ಎಲ್ಲ ಬಾಯಿಪಾಠವಾಯಿತು. ವಾರ ಕಳೆಯುವಷ್ಟರಲ್ಲಿ ಬೋರ್ಡು ಬರೆಯುವ ಇಬ್ಬರು ಸೋಮಾರಿಗಳು, ಹಲಗೆಗೆ ಹಗ್ಗ ಕಟ್ಟಿ ಪೈರು ತುಳಿದವರು ತಾವೇ ಅಂತ ಎಲ್ಲರೆದುರು ಒಪ್ಪಿಕೊಂಡು ನಕ್ಕರು. ಎಲೆಕ್ಟ್ರಿಕ್ ಅಂಗಡಿಯವನ ಮುಖ ಹುಳ್ಳಗಾಯಿತು. ಕತ್ತರಿಯಣ್ಣ ಮಾತ್ರ ಜಗ್ಗಲಿಲ್ಲ. "ತುಳಿದದ್ದು ಅವರೇ ಇರ್ಲಿ. ಎರಡೇ ಸುಳಿ ಯಾಕೆ ಹಾಕ್ಬೇಕಿತ್ತು? ಅವರ ಕೈಯಲ್ಲಿ ಮಾಡಿಸಿದ್ದು ಯಾರು?" ಅಂತ ತಿರುಗಿ ಕೇಳಿದ.

ಅವನಿಗೆ ಉಳಿದಿದ್ದು ಒಂದೇ ಆಸೆ, ಹೆಂಡತಿ ಬಂದು ನೋಡಬೇಕು. ನೋಡಿ 'ಹೌದು, ಇವನೇ' ಅನ್ನಬೇಕು. ಅವಳೊಬ್ಬಳು ಹೌದೆಂದರೆ ಸಾಕು, ಇಬ್ಬರೂ ಸೇರಿ ಅಳಬಹುದು, ಮನೆಯಲ್ಲಿ ಮತ್ತೆ ಮಗನ ಮಾತಾಡಬಹುದು. ದಿನಾ ಕರೆದ. ದಿನಾ ಅವಳು ಪಾತ್ರೆ ತೊಳೆದಳು. ಕೊನೆಗೆ ನಾಳೆ ಕೊಯ್ಲು ಅನ್ನುವಾಗ, "ನಾಳೆ ಇರಲ್ಲ ಕಣೇ, ಒಂದೇ ಒಂದ್ಸಲ ಬಾರೆ" ಅಂತ ಅಂಗಲಾಚಿದ. ಅವಳು ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಟ್ಯಾಂಕಿನ ಮೇಲೆ ಸಂಜೆಯ ಬಿಸಿಲು ಇನ್ನೂ ಇತ್ತು. ಅವಳು ಕಂಬಿ ಹಿಡಿದು ತುಂಬ ಹೊತ್ತು ನೋಡಿದಳು. ಅವನು ಹೊಲ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

"ಇದು ಅವನದಲ್ಲ ರೀ."

"ಸರಿಯಾಗಿ ನೋಡು."

"ನೋಡ್ದೆ. ಇಲ್ಲಿ ಎರಡೂ ಒಂದೇ ಕಡೆ ತಿರುಗಿವೆ. ಅವನದು ಹಾಗಿರ್ಲಿಲ್ಲ. ಒಂದು ಈ ಕಡೆ, ಇನ್ನೊಂದು ಆ ಕಡೆ. ಮಧ್ಯೆ ಕೂದಲು ಎದುರುಬದುರಾಗಿ ಜಗಳಕ್ಕೆ ನಿಂತಂಗೆ ಇರ್ತಿತ್ತು. ಅದಕ್ಕೇ ಅಲ್ವಾ ಆ ಜುಟ್ಟು ಕೂರ್ತಿರ್ಲಿಲ್ಲ?"

ಕತ್ತರಿಯಣ್ಣನಿಗೆ ಸಿಟ್ಟು ಬಂತು. "ಹುಟ್ಟಿದಾಗಿಂದ ಕತ್ತರಿಸಿದವನು ನಾನು. ನಂಗೇ ಹೇಳ್ಕೊಡ್ತೀಯಾ?"

"ದಿಂಬಿನ ಮೇಲೆ ಉದುರಿದ್ದನ್ನ ಆರಿಸಿದವಳು ನಾನು" ಅಂದಳು ಅವಳು. ದನಿ ಏರಿಸಲಿಲ್ಲ.

ತೋರಿಸಿಯೇ ಬಿಡುತ್ತೇನೆ ಅಂತ ಅವನು ಬಲಗೈ ಎತ್ತಿದ. ಬಾಚಣಿಗೆ ಹಿಡಿಯುವ ಹಾಗೆ ಬೆರಳು ಮಡಚಿ ಗಾಳಿಯಲ್ಲಿ ಬಾಚಿದ. ಊರಿನ ಅಷ್ಟೂ ತಲೆಗಳನ್ನು ಕಣ್ಣು ಕಟ್ಟಿದರೂ ಹೇಳಬಲ್ಲ ಕೈ ಅದು. ಕೈ ಗೋಧಿ ಮಲಗಿದ ಕಡೆಗೇ ಹೋಯಿತು. ಅವಳು ಹೇಳಿದ ಹಾಗೆ ತಿರುಗಿಸಿ ನೋಡಿದ, ಅದೂ ಸರಿ ಅನ್ನಿಸಿತು. ಮತ್ತೆ ಮೊದಲಿನಂತೆ ಬಾಚಿದ, ಇದೂ ಸರಿಯೇ. ಕೈ ಅಲ್ಲೇ ನಿಂತುಹೋಯಿತು. ಮನೆಯಲ್ಲಿ ಫೋಟೋಗಳಿಗೇನೂ ಬರವಿರಲಿಲ್ಲ. ಎಲ್ಲದರಲ್ಲೂ ಮಗ ಎದುರಿಗೆ ನೋಡಿ ನಗುತ್ತಿದ್ದ. ತಲೆಯ ಹಿಂಭಾಗದ ಫೋಟೋ ಯಾವ ತಂದೆ ತಾಯಿ ತೆಗೆಸಿಟ್ಟುಕೊಳ್ಳುತ್ತಾರೆ?

"ನಂಗೆ ನೆನಪಾಗ್ತಿಲ್ಲ ಕಣೇ" ಅಂದ. "ದಿನಾ ಇದನ್ನೇ ನೋಡಿ ನೋಡಿ ಅವನದ್ದು ಅಳಿಸಿಹೋಯ್ತು."

ಅವಳಿಗೆ ಗಾಬರಿಯಾಯಿತು. "ಬಿಡಿ, ನಾನೇ ತಪ್ಪು ಹೇಳಿದ್ನೇನೋ. ಈಗ ನೋಡಿದ್ರೆ ಹೀಗೇ ಇತ್ತು ಅನ್ಸುತ್ತೆ."

ಮದುವೆಯಾದಾಗಿನಿಂದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಂಡವಳಲ್ಲ ಅವಳು. ತನಗಾಗಿ ಸುಳ್ಳು ಹೇಳುತ್ತಿದ್ದಾಳೆ ಅಂತ ಅವನಿಗೆ ಅರ್ಥವಾಯಿತು.

"ಬೇಡ, ಹಾಗನ್ಬೇಡ" ಅಂತ ಅವಳ ಕೈ ಹಿಡಿದುಕೊಂಡ. "ನಿಂಗಾದ್ರೂ ನೆನಪಿದೆ. ನೀನು ಬದಲಾಯಿಸ್ಬೇಡ. ಇನ್ನೊಂದ್ಸಲ ಹೇಳು, ಮೊದಲನೇದು ಯಾವ ಕಡೆ?"

ಅವಳು ಅವನ ಪಕ್ಕದಲ್ಲಿ ಕೂತು ಹೇಳತೊಡಗಿದಳು. ಸುಳಿಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ, ಕಿವಿಯ ಹಿಂದಿನ ಮಚ್ಚೆಗೆ, ಎರಡು ವರ್ಷ ಆಡದೆ ಉಳಿಸಿಕೊಂಡದ್ದನ್ನೆಲ್ಲ ಹೇಳುತ್ತಾ ಹೋದಳು. ಕತ್ತರಿಯಣ್ಣ ಗಟ್ಟಿಯಾಗಿ ಕಣ್ಣು ಮುಚ್ಚಿ ಕೇಳಿಸಿಕೊಂಡ. ಮುಚ್ಚಿದ ಕಣ್ಣಿಗೆ ಗೋಧಿ ಬಿಟ್ಟು ಬೇರೇನೂ ಕಾಣಲಿಲ್ಲ.