ಬೇಸ್ ಗಿಟಾರಿನ ಯಮನೂರ

ನಾನು ಶಿವಕುಮಾರಿ. ಮಸ್ಕಿಯಲ್ಲಿ ರವಿಕೆ ಹೊಲಿಯುತ್ತೇನೆ, ಮದುವೆಯ ಸೀಜನ್ನಿನಲ್ಲಿ ಸಿಂಧನೂರಿನ ಗುಲ್ಶನ್ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಬಾಯಿ ಜೋರು ಎಂದು ಹೆಸರಿದೆ. ಇರಲಿ ಬಿಡಿ, ಆ ಬಾಯಿಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಆದರೆ ಅದೇ ಬಾಯಿಯಿಂದ ಒಮ್ಮೆ ಆಡಬಾರದ್ದನ್ನು ಆಡಿ, ಯಮನೂರನೆಂಬ ಮನುಷ್ಯನನ್ನು ತಂಡದಿಂದಲೇ ತೆಗೆಸಿಹಾಕುವುದರಲ್ಲಿದ್ದೆ. ಅದನ್ನು ಮುಚ್ಚಿಟ್ಟು ಅವನ ವಿಷಯ ಹೇಳಿದರೆ ಮೋಸವಾಗುತ್ತದೆ.

ಯಮನೂರ ನಮ್ಮ ಬೇಸ್ ಗಿಟಾರಿನವನು. ಊರು ವಳಕಮದಿನ್ನಿ, ಈಗ ಇರುವುದು ಸಿಂಧನೂರು. ಗಂಗಾವತಿ ರಸ್ತೆಯಲ್ಲಿ ಅವನದೊಂದು ಮೋಟಾರು ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವ ಕೆಲಸ. ಮೋಟಾರಿಗೆ ಏನಾಗಿದೆ ಎಂದು ನೋಡಲು ಅವನು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ರೈತರು ಪಕ್ಕದಲ್ಲಿ ನೀರಿನ ಪಾಳಿ ತಪ್ಪುತ್ತದೆಂದು ಒದ್ದಾಡುತ್ತಿರುತ್ತಾರೆ. ಇವನು ಡಾಕ್ಟರನ ಹಾಗೆ ಕೇಳುತ್ತಲೇ ಇರುತ್ತಾನೆ. ಆಮೇಲೆ ಬೇರಿಂಗ್ ಹೋಗಿದೆ ಎಂದೋ, ಏನೂ ಆಗಿಲ್ಲ ಒಯ್ಯಿರಿ ಎಂದೋ ಎರಡು ಮಾತು ಹೇಳುತ್ತಾನೆ. ದಿನಕ್ಕೆ ಅವನ ಬಾಯಿಂದ ಬರುವ ಮಾತೆಲ್ಲ ಕೂಡಿಸಿದರೆ ನಾನು ಒಂದು ರವಿಕೆ ಅಳತೆ ತೆಗೆದುಕೊಳ್ಳುವಾಗ ಆಡುವಷ್ಟೂ ಆಗುವುದಿಲ್ಲ.

ಅವನು ತಂಡಕ್ಕೆ ಬಂದದ್ದೂ ರಿಪೇರಿಗೇ. ನಮ್ಮ ಮಾಲೀಕ ಅಲ್ಲಾಭಕ್ಷ್ ಕೀಬೋರ್ಡ್ ಬಾರಿಸುತ್ತಾನೆ. ಅವನ ಆಂಪ್ಲಿಫೈಯರ್ ಸದಾ ಗುಂಯ್‌ಗುಡುತ್ತಿತ್ತು. ಯಮನೂರ ಅದನ್ನು ಸರಿಮಾಡಿ ಕೊಡಲು ಬಂದಾಗ ಮೂಲೆಯಲ್ಲಿ ಒಂದು ಬೇಸ್ ಗಿಟಾರ್ ಧೂಳು ತಿನ್ನುತ್ತಾ ನಿಂತಿತ್ತು. ಕಲಿಯಲು ಬಂದವರೆಲ್ಲ ಸಣ್ಣ ತಂತಿಯ ಗಿಟಾರೇ ಬೇಕೆನ್ನುತ್ತಿದ್ದರು. ಇದು ದಪ್ಪ ತಂತಿಯದು, ಇದರಲ್ಲಿ ಹಾಡಿನ ರಾಗ ಬರುವುದಿಲ್ಲ, ಹುಡುಗಿಯರು ತಿರುಗಿ ನೋಡುವುದಿಲ್ಲ. ಯಮನೂರ ಒಂದು ತಂತಿ ಮೀಟಿ, ಇದು ಸ್ವಲ್ಪ ಕೆಳಗೆ ಮಾತಾಡುತ್ತಿದೆಯಲ್ಲ ಎಂದನಂತೆ. ಅಲ್ಲಾಭಕ್ಷ್ ಕೀಬೋರ್ಡಿನಲ್ಲಿ ಒತ್ತಿ ನೋಡಿದರೆ ನಿಜವಾಗಿಯೂ ಕೂದಲೆಳೆಯಷ್ಟು ಕೆಳಗಿತ್ತು. ಮುಂದಿನ ವಾರದಿಂದ ಅಂಗಡಿ ಮುಚ್ಚಿದ ಮೇಲೆ ಬಂದು ಕಲಿಯತೊಡಗಿದ. ತಾಮ್ರದ ತಂತಿ ಎಳೆದೆಳೆದು ಮೊದಲೇ ಜಡ್ಡುಗಟ್ಟಿದ್ದ ಬೆರಳು, ಗಿಟಾರಿನಿಂದ ಬೊಬ್ಬೆ ಏಳಲೇ ಇಲ್ಲ.

ಅಂದಿನಿಂದ ಹನ್ನೊಂದು ವರ್ಷ ಅವನು ನನ್ನ ಬೆನ್ನ ಹಿಂದೆ ನಿಂತು ಬಾರಿಸಿದ. ಒಂದು ದಿನವೂ ಮುಂದೆ ಬಂದವನಲ್ಲ. ಸ್ಟೇಜಿನ ಮೇಲೆ ಬೂಟು ಬಿಚ್ಚಿ ಬರಿಗಾಲಲ್ಲಿ ನಿಲ್ಲುತ್ತಿದ್ದ, ಹಲಗೆ ಅದುರುವುದು ಕಾಲಿಗೆ ತಿಳಿಯಬೇಕಂತೆ. ನಾವೆಲ್ಲ ಥಳಥಳ ಕೋಟು ಹಾಕಿ ನಿಂತರೆ ಇವನು ಗದ್ದೆಯಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದ, ಅದಕ್ಕೆ ನಾನು ಬೈಯದ ದಿನವಿಲ್ಲ. ಅವನ ಹೆಂಡತಿ ಹುಲಿಗೆಮ್ಮ ಮದುವೆ ಮನೆಯವರಿಂದ ವಿಡಿಯೋ ತರಿಸಿಕೊಂಡು ಕೂತು ನೋಡುತ್ತಾಳೆ. ಅಷ್ಟು ವರ್ಷದ ವಿಡಿಯೋಗಳಲ್ಲಿ ಅವಳಿಗೆ ಸಿಕ್ಕಿದ್ದು ಗಂಡನ ಒಂದು ಮೊಣಕೈ ಮತ್ತು ಗಿಟಾರಿನ ಕತ್ತು. ಆ ಮೊಣಕೈಯನ್ನೇ ಫೋನಿಗೆ ಫೋಟೋ ಮಾಡಿ ಇಟ್ಟುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ.

ಹೋದ ವರ್ಷ ಅಲ್ಲಾಭಕ್ಷ್ ಹೊಸ ಕೀಬೋರ್ಡ್ ತಂದ. ಅದರ ಎಡಗಡೆಯ ಕಪ್ಪು ಬಿಳಿ ಮನೆಗಳನ್ನು ಒತ್ತಿದರೆ ಬೇಸ್ ತಾನಾಗಿಯೇ ಬರುತ್ತದೆ, ತಾಳವೂ ಅದರಲ್ಲೇ ಓಡುತ್ತದೆ. ಲಿಂಗಸುಗೂರಿನಲ್ಲಿ ಒಂದು ರಿಸೆಪ್ಷನ್ನಿಗೆ ಹೋಗಿದ್ದಾಗ, ಯಮನೂರ ಸ್ಪೀಕರಿನ ವೈರು ಎಳೆಯಲು ಹೋಗಿದ್ದ ಹೊತ್ತು ನೋಡಿ, ಅಲ್ಲಾಭಕ್ಷ್ ನಮ್ಮಿಬ್ಬರನ್ನು ಕೇಳಿದ. ನಮ್ಮಿಬ್ಬರೆಂದರೆ ನಾನು ಮತ್ತು ತಾಳದ ಪ್ಯಾಡ್ ಬಾರಿಸುವ ಆಸೀಫ್. ಇನ್ನು ಯಮನೂರ ಬೇಕೋ ಬೇಡವೋ, ನೀವೇ ಹೇಳಿ ಎಂದ. ಆಸೀಫ್ ಮುಖ ಕೆಡಿಸಿಕೊಂಡು, ಅವನಿಲ್ಲದಿದ್ದರೆ ನನ್ನ ಕೈ ಎಲ್ಲಿ ಊರಬೇಕು ಎಂದು ಜಗಳಕ್ಕೇ ನಿಂತ. ನಾನೇನು ಹೇಳಿದೆ ಗೊತ್ತೇ? ಅವನು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ, ಅವನು ಬಾರಿಸಿದ್ದು ಯಾರಿಗೆ ಕೇಳಿಸುತ್ತದೆ, ಗಾಡಿಯಲ್ಲಿ ಅವನ ಸೀಟು ಖಾಲಿಯಾದರೆ ನನ್ನ ಸೀರೆಯ ಪೆಟ್ಟಿಗೆಗಾದರೂ ಜಾಗವಾಗುತ್ತದೆ ಎಂದೆ. ಹೀಗೆ ಅಂದುಬಿಟ್ಟೆ, ನನ್ನ ನಾಲಿಗೆಗೆ ಬೆಂಕಿ ಹಾಕ.

ಇಬ್ಬರು ಒಂದು ಕಡೆ, ಒಬ್ಬ ಒಂದು ಕಡೆ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳಲ್ಲಿ ಕೊನೆಯದು ಗೊರೇಬಾಳದ ಮದುವೆ, ಅದು ಮುಗಿದ ಮೇಲೆ ಯಮನೂರನಿಗೆ ಬರಬೇಡ ಎನ್ನುವುದೆಂದು ತೀರ್ಮಾನವಾಯಿತು. ಹೇಳುವ ಕೆಲಸ ಅಲ್ಲಾಭಕ್ಷನದು. ಅವನಿಗೆ ಮುಖ ಕೊಟ್ಟು ಹೇಳುವ ಧೈರ್ಯವಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಗೊರೇಬಾಳದ ದಿನ ಬಂತು. ಯಮನೂರ ಎಂದಿನಂತೆ ಗಿಟಾರನ್ನು ಹಳೆ ಲುಂಗಿಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದ. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಹಗಲು ಮದುವೆ. ಗದ್ದೆಯ ಪಕ್ಕದಲ್ಲೇ ಶಾಮಿಯಾನ, ಒಂದು ಕಡೆ ಊಟದ ಸಾಲು, ಇನ್ನೊಂದು ಕಡೆ ನಮ್ಮ ಸ್ಟೇಜು. ಅಲ್ಲಾಭಕ್ಷ್ ಆವತ್ತು ಹೊಸ ಕೀಬೋರ್ಡಿನ ಎಡಗೈ ಬೇಸನ್ನು ಪರೀಕ್ಷೆ ಮಾಡುತ್ತಿದ್ದ. ಮಿಕ್ಸರಿನಲ್ಲಿ ಯಮನೂರನ ಸದ್ದನ್ನು ಇಲ್ಲವೆನ್ನುವಷ್ಟು ಇಳಿಸಿದ್ದ. ನಾಲ್ಕು ಹಾಡಾದವು, ಯಾರಿಗೂ ಏನೂ ಗೊತ್ತಾಗಲಿಲ್ಲ. ನೋಡಿದೆಯಾ ಎನ್ನುವಂತೆ ಅಲ್ಲಾಭಕ್ಷ್ ನನಗೆ ಕಣ್ಣು ಮಿಟುಕಿಸಿದ. ನಾನೂ ತಲೆಯಾಡಿಸಿದೆ.

ಅಷ್ಟರಲ್ಲಿ ಮದುಮಗಳ ಅಜ್ಜಿ ಕರೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇಜು ಹತ್ತಿದಳು. ಹಿಂದೆ ಏಳು ಮಂದಿ ಮುದುಕಿಯರು. ಎಲ್ಲರೂ ನಲವತ್ತು ವರ್ಷ ಒಟ್ಟಿಗೆ ಭತ್ತ ನಾಟಿ ಮಾಡಿದ ಗುಂಪಿನವರು, ಕರೆಮ್ಮನೇ ಅದಕ್ಕೆ ಯಜಮಾನಿ. ಮೊಮ್ಮಗಳ ಮದುವೆಯಲ್ಲಿ ತಮ್ಮ ನಾಟಿಯ ಹಾಡು ಆಗಲೇಬೇಕು, ಅದೂ ಬಾಜಾ ಬಜಂತ್ರಿಯ ಜೊತೆಗೇ ಆಗಬೇಕು ಎಂದು ಆಕೆಯ ಹಟ. ಅಲ್ಲಾಭಕ್ಷ್ ಖುಷಿಯಿಂದ ಮೈಕು ಕೊಟ್ಟು, ಕೀಬೋರ್ಡ್ ಮಿಷನ್ನಿನಲ್ಲಿ ಒಂದು ತಾಳ ಹಚ್ಚಿದ.

‘ಹಿಂದಕ ಸರಿಯವ್ವ ಹಿಂದಕ ಸರಿಯ, ಮುಂದಿನ ಹಸರೆಲ್ಲ ನಮ್ಮದೇ ಕೈಯ’ ಎಂದು ಶುರುವಾಯಿತು. ಮೊದಲ ಸಾಲು ತಾಳಕ್ಕೆ ಕೂತಿತು. ಎರಡನೆಯ ಸಾಲಿನ ಕೊನೆಯನ್ನು ಮುದುಕಿಯರು ಎಳೆದರು, ಎಳೆದೇ ಎಳೆದರು. ಮಿಷನ್ನು ಕಾಯಲಿಲ್ಲ, ಮುಂದೆ ಓಡಿತು. ಮೂರನೆಯ ಸಾಲಿಗೆ ಮಿಷನ್ನು ಒಂದು ಊರಲ್ಲಿ, ಮುದುಕಿಯರು ಇನ್ನೊಂದು ಊರಲ್ಲಿ. ಅಲ್ಲಾಭಕ್ಷ್ ತಾಳದ ವೇಗ ಇಳಿಸಿದ. ಆಗ ಅವರು ಬೇಗ ಮುಗಿಸಿದರು. ಏರಿಸಿದ, ಅವರು ಎಳೆದರು. ಊಟಕ್ಕೆ ಕೂತ ಹುಡುಗರು ನಗತೊಡಗಿದರು. ಮುದುಕಿಯರ ದನಿ ಒಂದೊಂದಾಗಿ ಸಣ್ಣಗಾಯಿತು. ಕರೆಮ್ಮನ ಮುಖ ಬಾಡಿತು. ಅಲ್ಲಾಭಕ್ಷ್ ಬೆವರೊರೆಸಿಕೊಂಡು ಮಿಷನ್ನು ನಿಲ್ಲಿಸಿಬಿಟ್ಟ.

ಅವನು ಪೇಟೆಯಲ್ಲಿ ಬೆಳೆದವನು, ನಾನೂ ಅಷ್ಟೇ. ನಾಟಿಯ ಹಾಡಿಗೆ ಲೆಕ್ಕದ ತಾಳವಿಲ್ಲ ಎಂದು ನಮಗೆ ತಿಳಿಯದು. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ಎಲ್ಲರಿಗಿಂತ ನಿಧಾನದವಳು ತನ್ನ ಕೈಯ ಸಸಿ ಊರಿ ಹೆಜ್ಜೆ ಹಿಂದಿಡುವ ತನಕ ಉಳಿದವರು ಸಾಲಿನ ಕೊನೆಯ ಅಕ್ಷರವನ್ನು ಎಳೆಯುತ್ತಾ ನಿಲ್ಲುತ್ತಾರೆ. ಆಕೆ ಸರಿದ ಮೇಲೆಯೇ ಮುಂದಿನ ಸಾಲು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಗೊತ್ತಾದದ್ದು ಇಷ್ಟೇ, ನನ್ನ ಅಂಗಾಲಿಗೆ ಹಲಗೆ ಸಣ್ಣಗೆ ಅದುರಿತು.

ತಿರುಗಿ ನೋಡಿದರೆ ಯಮನೂರ ಗೋಣು ಬಗ್ಗಿಸಿ ಮುದುಕಿಯರ ಕಾಲನ್ನೇ ನೋಡುತ್ತಾ ಬಾರಿಸುತ್ತಿದ್ದ. ಅವರಿಗೂ ಅಭ್ಯಾಸಬಲ, ಸ್ಟೇಜಿನ ಮೇಲೂ ಸಾಲಿಗೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೊನೆಯಲ್ಲೊಬ್ಬಾಕೆಗೆ ಮಂಡಿನೋವು. ಆಕೆಯ ಹೆಜ್ಜೆ ಹಲಗೆಗೆ ತಾಗುವವರೆಗೆ ಯಮನೂರ ಬೆರಳನ್ನು ತಂತಿಯ ಮೇಲೆ ತಡೆದು ಹಿಡಿಯುತ್ತಿದ್ದ, ತಾಗಿದ ಕ್ಷಣಕ್ಕೆ ಧಿಂ ಎಂದು ಇಳಿಸುತ್ತಿದ್ದ. ಆದರೆ ಸದ್ದು ಯಾರಿಗೆ ಕೇಳಬೇಕು, ನಾವೇ ಇಳಿಸಿಟ್ಟಿದ್ದೆವಲ್ಲ. ನಾನು ಸೀರೆ ಎತ್ತಿ ಹಿಡಿದು ಮಿಕ್ಸರಿನ ಹತ್ತಿರ ಓಡಿ ಅವನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿದೆ.

ಎಂಥಾ ಸದ್ದು ಅಂತೀರಿ! ನೆಲವೇ ಹಾಡಿಗೆ ಹೂಂ ಎಂದಂತಾಯಿತು. ಮುದುಕಿಯರ ದನಿಗೆ ಬಲ ಬಂತು, ಅವರು ತಲೆ ಎತ್ತಿದರು. ಆಸೀಫ್ ಯಮನೂರನ ಬೆರಳು ನೋಡಿಕೊಂಡು ಮೆಲ್ಲಗೆ ಪ್ಯಾಡು ಕೂಡಿಸಿದ. ಎಲೆ ಬಿಟ್ಟೆದ್ದು ಎಂಜಲು ಕೈಯಲ್ಲೇ ಹೆಂಗಸರು ಓಡಿ ಬಂದರು. ಗೊತ್ತಿದ್ದವರೆಲ್ಲ ಸಾಲು ಹಿಡಿದು ಶಾಮಿಯಾನದಲ್ಲೇ ಹಿಂದಕ್ಕೆ ಸರಿಯುತ್ತಾ ಹಾಡತೊಡಗಿದರು. ಮದುಮಗಳೂ ಬಾಸಿಂಗ ಒಂದು ಕೈಯಲ್ಲಿ ಹಿಡಿದುಕೊಂಡು ಸೇರಿಕೊಂಡಳು. ಹಿಂದೆ ಹಿಂದೆ ಸರಿದು ಎಲ್ಲರೂ ಅಡುಗೆಯವರ ಹಂಡೆಗೆ ಬಂದು ತಾಗಿದ ಮೇಲೆಯೇ ಹಾಡು ನಿಂತಿದ್ದು. ನನ್ನ ಜನ್ಮದಲ್ಲಿ ನಾನು ಅಷ್ಟು ಸಂತೋಷದ ಕಾರ್ಯಕ್ರಮ ಮಾಡಿಲ್ಲ, ಅದರಲ್ಲಿ ನನ್ನದು ಒಂದಕ್ಷರ ಹಾಡೂ ಇರಲಿಲ್ಲ.

ಕರೆಮ್ಮ ಸೀದಾ ಯಮನೂರನ ಹತ್ತಿರ ಬಂದು ಅವನ ಗದ್ದ ಹಿಡಿದು ಯಾರ ಮಗ ಎಂದು ಕೇಳಿದಳು. ಅವನು ವಳಕಮದಿನ್ನಿ ಎಂದು ಹೇಳಿ ತಾಯಿಯ ಹೆಸರು ಹೇಳಿದ. ಕರೆಮ್ಮ ಬಾಯಿಗೆ ಸೆರಗು ಹಿಡಿದು ನಕ್ಕೇ ನಕ್ಕಳು.

“ಆಕಿ ಮಗನೇನಪಾ ನೀ? ವಳಕಮದಿನ್ನಿಯಿಂದ ನಾಟಿಗೆ ಬರ್ತಿದ್ದ ನಿಮ್ಮವ್ವ ನಮ್ಮ ಗುಂಪಿನಾಗ ಎಲ್ಲಾರಕ್ಕಿಂತ ನಿಧಾನ. ಆಕಿ ಸಲುವಾಗಿ ನಾವು ಎಷ್ಟ ಹಾಡು ಎಳದೀವಿ! ನೀ ಬದುವಿನ ಮ್ಯಾಲೆ ಕುಂತು ಅವ್ವ ಯಾವಾಗ ಸರೀತಾಳಂತ ನೋಡ್ತಿದ್ದಿ.”

ಯಮನೂರ ಹೌದೆಂದು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

ನಮ್ಮ ಊಟದ ಹೊತ್ತಿಗೆ ಅಲ್ಲಾಭಕ್ಷ್ ಮೆಲ್ಲಗೆ ನನ್ನ ಕಿವಿಯಲ್ಲಿ, ಇಂಥ ಹಾಡು ವರ್ಷಕ್ಕೊಂದು ಬರುತ್ತದೆ, ಉಳಿದದ್ದಕ್ಕೆಲ್ಲ ಮಿಷನ್ನು ಸಾಕಲ್ಲ, ಏನು ಮಾಡೋಣ ಎಂದ. ನಾನು ಎದ್ದು ಹೋದೆ. ಯಮನೂರ ನೀರಿನ ಟ್ಯಾಂಕರಿನ ಹತ್ತಿರ ಕೈ ತೊಳೆಯುತ್ತಿದ್ದ. ಮನಸ್ಸಿನಲ್ಲಿಟ್ಟುಕೊಂಡು ಕೂರುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ. ನಿನ್ನನ್ನು ತೆಗೆಯಬೇಕೆಂದು ಮಾತಾಗಿದೆ, ತೆಗೆಯಿರಿ ಎಂದವಳು ನಾನೇ ಎಂದು ಹೇಳಿಬಿಟ್ಟೆ.

ಅವನು ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

“ಗೊತ್ತೈತ್ರೀ ಅಕ್ಕಾ. ಅವತ್ತ ಲಿಂಗಸುಗೂರಾಗ ನಿಮ್ಮ ಹಾಡು ನೆಟ್ಟಗ ನಿಲ್ಲಲಿಲ್ಲ. ಎರಡು ಕಡೆ ಜಾರಿದ್ರಿ, ನನ್ನ ಮಾರಿ ಸೈತ ನೋಡಲಿಲ್ಲ. ನೀವು ಎಂದೂ ಜಾರಾವ್ರಲ್ಲ, ಇವತ್ತ ನನ್ನ ವಿಷಯ ಏನೋ ಮಾತಾಡ್ಯಾರ ಅಂತ ತಿಳೀತು.”

ನನಗೆ ನೆನಪಾಯಿತು. ಆವತ್ತು ಯಮನೂರನನ್ನು ಬೇಡವೆಂದ ಒಂದು ತಾಸಿಗೆ ಸ್ಟೇಜು ಹತ್ತಿದ್ದೆ, ಎರಡು ಕಡೆ ಸ್ವರ ಕೈಬಿಟ್ಟಿತ್ತು. ಆದರೂ ಹೇಗೋ ಬಿದ್ದಿರಲಿಲ್ಲ. ಕೆಳಗಿಳಿದಾಗ ಹೆಣ್ಣಿನ ಕಡೆಯವರು ಮೆಚ್ಚಿ ಮಾತಾಡಿದ್ದರು, ಎಲ್ಲ ನನ್ನದೇ ಎಂದು ನಾನು ಬೀಗಿದ್ದೆ. ಗೊತ್ತಿದ್ದೂ ನೀನೇನು ಮಾಡಿದೆ ಎಂದು ಕೇಳಿದೆ.

“ಏನ್ ಮಾಡ್ಲ್ರೀ? ನೀವು ಹಾಡಾಕತ್ತಿದ್ರಿ. ಬೀಳಾಕ ಬಿಡಾಕ ಆಕ್ಕೈತೇನು? ಕೆಳಗಿಂದ ಸ್ವಲ್ಪ ಗಟ್ಟಿ ಹಿಡದೆ.”

ಇಷ್ಟು ಹೇಳಿ, ಮಜ್ಜಿಗೆ ಚಲೋ ಐತಿ ಕುಡೀರಿ ಎಂದು ಲೋಟ ನನ್ನ ಕೈಗಿಟ್ಟು ಹೋದ. ನಾನು ಅಳುತ್ತಲೇ ಮಜ್ಜಿಗೆ ಕುಡಿದೆ. ಆಮೇಲೆ ಮುಖ ತೊಳೆದುಕೊಂಡು ಊಟದ ಸಾಲಿಗೆ ಹೋಗಿ, ಹೋಳಿಗೆ ಮುರಿಯುತ್ತಿದ್ದ ಅಲ್ಲಾಭಕ್ಷನ ಮುಂದೆ ನಿಂತು, ಎರಡೂ ಕಡೆಯ ಬೀಗರಿಗೆ ಕೇಳುವಂತೆ ಹೇಳಿದೆ. ಯಮನೂರ ಗಾಡಿ ಹತ್ತದಿದ್ದರೆ ನಾನೂ ಹತ್ತುವುದಿಲ್ಲ, ನೀನೂ ನಿನ್ನ ಮಿಷನ್ನೂ ಹಾಡಿಕೊಳ್ಳಿ ಎಂದೆ. ಅಲ್ಲಾಭಕ್ಷ್ ನನ್ನ ಮುಖ ನೋಡಿದ, ಹೋಳಿಗೆ ನೋಡಿದ, ಆಯಿತು ಎಂದ. ಆ ಸಂಜೆ ನನ್ನನ್ನು ಇಳಿಸಲು ಮಸ್ಕಿ ಬರುವತನಕ ಗಾಡಿಯಲ್ಲಿ ನಾವು ನಾಲ್ವರೂ ನಾಟಿಯ ಹಾಡು ಹಾಡಿದೆವು, ಪ್ರತಿ ಸಾಲಿನ ಕೊನೆಯಲ್ಲಿ ಯಮನೂರ ಹೂಂ ಎನ್ನುವವರೆಗೆ ಕಾದೆವು.